ಎಂಟಕ್ಷರದಲ್ಲಿ ಹಿಡಿಸದ ರಾಮೇಶ್ವರ

1990ರ ದಶಕದ ಮೊದಲರ್ಧದಲ್ಲಿ ಕರ್ನಾಟಕದ ತಾಲ್ಲೂಕು ಊರುಗಳಲ್ಲಿ ಕಂಪ್ಯೂಟರ್ ಕಲಿಯಲು ಹೋದವರಿಗೆ ಮೊದಲು ಎದುರಾದ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್. ಅದರಲ್ಲಿ ಚಿತ್ರಗಳಿರಲಿಲ್ಲ, ಮೌಸ್ ಹಿಡಿಯುವ ಕೆಲಸವೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಇಲ್ಲವೇ ಬಿಳಿ ಅಕ್ಷರ, ಕೊನೆಗೊಂದು ಮಿಟುಕುವ ಗೀಟು. ಆ ಗೀಟಿನ ಮುಂದೆ ಏನು ಬರೆಯಬೇಕೆಂದು ಗೊತ್ತಿದ್ದವರಿಗೆ ಯಂತ್ರ ಒಲಿಯುತ್ತಿತ್ತು. ಗೊತ್ತಿಲ್ಲದವರಿಗೆ ಸಿಗುತ್ತಿದ್ದುದು ‘ಬ್ಯಾಡ್ ಕಮ್ಯಾಂಡ್ ಆರ್ ಫೈಲ್ ನೇಮ್’ ಎಂಬ ಗದರಿಕೆ ಮಾತ್ರ. ಇಂದು ಐವತ್ತರ ಆಸುಪಾಸಿನಲ್ಲಿರುವ ಎಷ್ಟೋ ಕನ್ನಡಿಗರಿಗೆ ಆ ಗದರಿಕೆ ಇನ್ನೂ ಬಾಯಿಪಾಠ.

ಡಾಸ್ ಹುಟ್ಟಿದ್ದೇ ಅವಸರದಲ್ಲಿ. ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ 1980ರಲ್ಲಿ ಇದರ ಮೂಲರೂಪವನ್ನು ಬರೆದರು. ‘ಸದ್ಯಕ್ಕೆ ಕೆಲಸ ನಡೆದರೆ ಸಾಕು’ ಎನ್ನುವ ಧಾಟಿಯ ಕ್ಯುಡಾಸ್ ಎಂಬ ಹೆಸರನ್ನೂ ಅದಕ್ಕೆ ಇಟ್ಟಿದ್ದರು. ಮೈಕ್ರೋಸಾಫ್ಟ್ ಮರುವರ್ಷ ಅದನ್ನು ಕೊಂಡುಕೊಂಡು, 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಗೆ ಹೊಂದಿಸಿತು. ಭಾರತದಲ್ಲಿ 1984ರ ನವೆಂಬರ್‌ನ ಹೊಸ ಕಂಪ್ಯೂಟರ್ ನೀತಿಯಿಂದ ಆಮದಿನ ಬಿಗಿ ಸಡಿಲವಾಯಿತು. ಆಮೇಲೆ ಇಲ್ಲಿ ಜೋಡಿಸಿದ ಪಿಸಿಗಳು ಬಂದವು, ಅವುಗಳ ಜೊತೆ ಡಾಸ್ ಕೂಡ ಬಂತು. ಅದೇ ಹೊತ್ತಿಗೆ ಶುರುವಾದ ‘ಕ್ಲಾಸ್’ ಯೋಜನೆಯಡಿ ಕೇಂದ್ರ ಸರ್ಕಾರ ಮೊದಲ ಹಂತದಲ್ಲಿ 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟಿತ್ತು. ಅವು ಬೇರೆಯೇ ಜಾತಿಯವು. ಬೇಸಿಕ್ ಭಾಷೆಯ ನಾಲ್ಕು ಸಾಲು ಬಿಟ್ಟರೆ ಅವುಗಳ ನೆನಪು ಹೆಚ್ಚು ಜನರಲ್ಲಿ ಉಳಿದಿಲ್ಲ.

ಸಣ್ಣ ಊರುಗಳಲ್ಲಿ ಡಾಸ್‌ಗೆ ಬಾಗಿಲು ತೆರೆದಿದ್ದು ಟೈಪಿಂಗ್ ಇನ್‌ಸ್ಟಿಟ್ಯೂಟುಗಳು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿದ್ದ ಕೋಣೆಯ ಒಂದು ಮೂಲೆಗೆ ಪ್ಲೈವುಡ್ ಮರೆ ಕಟ್ಟಿ ಒಂದೆರಡು ಪಿಸಿ ಇಟ್ಟರೆ ಹೊರಗಿನ ಬೋರ್ಡಿಗೆ ‘ಕಂಪ್ಯೂಟರ್ ಸೆಂಟರ್’ ಎಂದು ಸೇರಿಸಬಹುದಿತ್ತು. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬಯಲುಸೀಮೆಯ ಧೂಳು ಕಂಡವರಿಗೆ ಈ ಕಟ್ಟುನಿಟ್ಟು ಅತಿ ಎನಿಸುವುದಿಲ್ಲ.

ಹಾರ್ಡ್ ಡಿಸ್ಕ್ ಇಲ್ಲದ ಯಂತ್ರವಾದರೆ ಅದಕ್ಕೆ ಎರಡು ಫ್ಲಾಪಿ ಡ್ರೈವುಗಳು. ‘ಎ’ಗೆ ಡಾಸ್ ಇದ್ದ ಫ್ಲಾಪಿ, ‘ಬಿ’ಗೆ ಕಲಿಯುವವರ ಸ್ವಂತದ ಫ್ಲಾಪಿ. ಐದೂಕಾಲು ಇಂಚಿನ ಆ ತೆಳು ಚೌಕದಲ್ಲಿ 360 ಕಿಲೋಬೈಟ್ ಜಾಗವಿರುತ್ತಿತ್ತು. ಇಂದಿನ ಮೊಬೈಲಿನ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಸ್ವಿಚ್ ಒತ್ತಿದರೆ ಮೆಮೊರಿ ಎಣಿಕೆ ಓಡಿ, ‘ಬೀಪ್’ ಎಂದು ಸದ್ದಾಗಿ, ಫ್ಲಾಪಿ ಕರಕರ ತಿರುಗಿ, ಇವತ್ತಿನ ತಾರೀಖು ಎಷ್ಟು, ಗಂಟೆ ಎಷ್ಟು ಎಂದು ಯಂತ್ರವೇ ಕೇಳುತ್ತಿತ್ತು. ಹೆಚ್ಚಿನವರು ಉತ್ತರ ಕೊಡದೆ ಎರಡು ಸಲ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದರು. ಆ ಕಾಲದ ಎಷ್ಟೋ ಫೈಲುಗಳು 1980ರ ಜನವರಿ 1ರಂದೇ ಹುಟ್ಟಿದಂತೆ ತೋರಿಸುವುದಕ್ಕೆ ಈ ಸೋಮಾರಿತನವೇ ಕಾರಣ.

ಪಾಠದ ಕ್ರಮ ಎಲ್ಲೆಡೆ ಒಂದೇ. ಮೊದಲು ‘ಡಿರ್’, ಆಮೇಲೆ ‘ಸಿಎಲ್ಎಸ್’, ‘ಎಂಡಿ’, ‘ಸಿಡಿ’, ‘ಕಾಪಿ’, ‘ಡೆಲ್’. ‘ಇಂಟರ್ನಲ್ ಕಮ್ಯಾಂಡ್ ಯಾವುವು, ಎಕ್ಸ್‌ಟರ್ನಲ್ ಯಾವುವು’ ಎಂಬುದು ಪರೀಕ್ಷೆಯ ಖಾಯಂ ಪ್ರಶ್ನೆ. ‘ಡಿರ್’ ಯಂತ್ರದ ನೆನಪಿನಲ್ಲೇ ಇರುತ್ತದೆ. ‘ಫಾರ್ಮ್ಯಾಟ್’, ‘ಡಿಸ್ಕ್‌ಕಾಪಿ’ ಬೇಕಾದರೆ ಅವುಗಳ ಫೈಲು ಫ್ಲಾಪಿಯಲ್ಲಿ ಇರಲೇಬೇಕು. ಈ ವ್ಯತ್ಯಾಸ ಅರ್ಥವಾದವರಿಗೆ ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬುದೂ ಅರ್ಥವಾಗುತ್ತಿತ್ತು. ಈಗಿನ ಮಕ್ಕಳಿಗೆ ಆ್ಯಪ್ ಎಲ್ಲಿಂದ ಎದ್ದು ಬರುತ್ತದೆ ಎಂದು ಕೇಳುವ ಪ್ರಮೇಯವೇ ಇಲ್ಲ. ಕಲಿಕೆ ಸಲೀಸಾಗಿದೆ, ಆದರೆ ತಿಳಿವಳಿಕೆ ಅಷ್ಟೇ ತೆಳುವಾಗಿದೆ.

ಕನ್ನಡದ ಹುಡುಗರಿಗೆ ಡಾಸ್ ಕೊಟ್ಟ ಮೊದಲ ಕಿರಿಕಿರಿ ಫೈಲಿನ ಹೆಸರಿನದು. ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ಆಚೆಗೆ ಮೂರು, ಅಷ್ಟೇ. ಇಂಗ್ಲಿಷ್ ಕಾಗುಣಿತದಲ್ಲಿ ನಮ್ಮ ಊರುಗಳ ಹೆಸರುಗಳು ಉದ್ದವಾಗುತ್ತವೆ. ಚಳ್ಳಕೆರೆಗೆ ಹತ್ತು ಅಕ್ಷರ ಬೇಕು, ಮೊಳಕಾಲ್ಮೂರಿಗೆ ಹನ್ನೊಂದು. ಮೊಳಕಾಲ್ಮೂರು ತಾಲ್ಲೂಕಿನ ಬೆಟ್ಟದ ಮೇಲಿರುವ ಜಟಿಂಗ ರಾಮೇಶ್ವರನನ್ನೇ ತೆಗೆದುಕೊಂಡರೆ, ‘ಜಟಿಂಗ’ ಏಳಕ್ಕೆ ಮುಗಿಯುತ್ತದೆ. ‘ರಾಮೇಶ್ವರ’ನಿಗೆ ಹತ್ತು ಬೇಕು. ಡಾಸ್ ಎಂಟಕ್ಕೆ ಕತ್ತರಿಸಿ ದೇವರನ್ನು ‘ರಾಮೇಶ್ವ’ ಮಾಡಿಬಿಡುತ್ತಿತ್ತು. ಫೈಲನ್ನು ಅಳಿಸಿದರೆ ಇನ್ನೊಂದು ತಮಾಷೆ. ಡಾಸ್ ನಿಜಕ್ಕೂ ಅಳಿಸುತ್ತಿದ್ದುದು ಹೆಸರಿನ ಮೊದಲ ಅಕ್ಷರವನ್ನು ಮಾತ್ರ. ಅದರ ಜಾಗದಲ್ಲಿ ಒಂದು ಗುರುತು ಹಾಕಿ, ಫೈಲಿನ ಜಾಗ ಖಾಲಿಯಿದೆ ಎಂದು ಬರೆದುಕೊಳ್ಳುತ್ತಿತ್ತು. 1991ರಲ್ಲಿ ಬಂದ 5.0 ಆವೃತ್ತಿಯಲ್ಲಿ ‘ಅನ್‌ಡಿಲೀಟ್’ ಸೇರಿತು. ಕಳೆದುಹೋದ ಫೈಲನ್ನು ಅದು ಹುಡುಕಿ ತಂದು, ಮೊದಲ ಅಕ್ಷರ ಯಾವುದಿತ್ತು ಹೇಳಿ ಎಂದು ಕೇಳುತ್ತಿತ್ತು. ನೆನಪಿದ್ದವರಿಗೆ ಫೈಲು ವಾಪಸು.

ವೈರಸ್ ಪರಿಚಯವೂ ಆಗಲೇ ಆಯಿತು. 1990ರಲ್ಲಿ ಭಾರತದಲ್ಲಿ ಕಾಣಿಸಿಕೊಂಡ ‘ಜೋಶಿ’ ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತ ವರ್ಷವಿಡೀ ಸುಮ್ಮನಿರುತ್ತಿತ್ತು. ಜನವರಿ 5ರಂದು ಮಾತ್ರ ಯಂತ್ರ ನಿಂತುಬಿಟ್ಟು, ‘ಹ್ಯಾಪಿ ಬರ್ತ್‌ಡೇ ಜೋಶಿ’ ಎಂದು ಟೈಪ್ ಮಾಡಿ ಎಂದು ಕೇಳುತ್ತಿತ್ತು. ಶುಭಾಶಯ ಹೇಳಿದರೆ ಬಿಡುಗಡೆ. ಈಗಿನ ವೈರಸ್ಸುಗಳು ಲಕ್ಷಗಟ್ಟಲೆ ಹಣ ಕೇಳುತ್ತವೆ.

ಇಷ್ಟೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕನ್ನಡ ಬೇಕೆಂದವರಿಗೆ ಡಾಸ್ ಒಳಗೆ ಜಾಗವಿರಲಿಲ್ಲ. ಪರದೆಯೆಂದರೆ 25 ಸಾಲು, ಸಾಲಿಗೆ 80 ಮನೆ, ಒಂದೊಂದು ಮನೆಗೂ ಒಂದೊಂದು ಅಕ್ಷರ. ಆ ಅಕ್ಷರಗಳ ಆಕಾರಗಳು ಯಂತ್ರದ ಚಿಪ್ಪಿನಲ್ಲೇ ಕೂತಿದ್ದವು, ಒಟ್ಟು 256. ಒತ್ತಕ್ಷರ ಕೆಳಗಿಳಿಯುವ, ದೀರ್ಘ ಪಕ್ಕಕ್ಕೆ ಚಾಚುವ ಕನ್ನಡ ಅಂಥ ಮನೆಗಳಲ್ಲಿ ಕೂರುವುದಿಲ್ಲ.

ಐಐಟಿ ಕಾನ್ಪುರದಲ್ಲಿ ಮೊಳೆತು, 1988ರಲ್ಲಿ ಆರಂಭವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಕಾರ್ಡು ಇದಕ್ಕೊಂದು ದಾರಿ ತೋರಿತು. ಮೋಹನ್ ತಾಂಬೆ ಅದರ ಹಿಂದಿನ ಮುಖ್ಯ ತಲೆ. ಪಿಸಿಯ ಹೊಟ್ಟೆಯೊಳಗೆ ಈ ಹೆಚ್ಚುವರಿ ಹಲಗೆಯನ್ನು ಸಿಕ್ಕಿಸಿದರೆ ವರ್ಡ್‌ಸ್ಟಾರ್, ಡಿಬೇಸ್‌ನಂಥ ಇಂಗ್ಲಿಷ್ ತಂತ್ರಾಂಶಗಳು ತಮಗೇ ಗೊತ್ತಿಲ್ಲದೆ ಕನ್ನಡ ತೋರಿಸುತ್ತಿದ್ದವು. ಒಂದು ಕೀಲಿ ಒತ್ತಿದರೆ ಇಂಗ್ಲಿಷ್, ಮತ್ತೆ ಒತ್ತಿದರೆ ಕನ್ನಡ. ಎರಡು ಲಿಪಿಯಲ್ಲಿ ಬರೆಯುವ ಕಸುಬು ಮೊಳಕಾಲ್ಮೂರು ಸೀಮೆಗೆ ಹೊಸತೇನಲ್ಲ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಪತ್ತೆಮಾಡಿದ ಅಶೋಕನ ಶಾಸನಗಳನ್ನು ಬರೆದ ಚಪಡ, ಬ್ರಾಹ್ಮಿಯಲ್ಲಿ ಶಾಸನ ಮುಗಿಸಿ, ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿಸಿದ್ದಾನೆ. ವಾಯವ್ಯದ ಆ ಲಿಪಿಯನ್ನು ಇಲ್ಲಿ ಓದುವವರು ಯಾರಿದ್ದರೋ! ತನ್ನ ಕೈಗೆ ಎರಡೂ ಬರುತ್ತವೆ ಎಂಬ ಹೆಮ್ಮೆ ಇದ್ದಿರಬೇಕು.

ಜಿಸ್ಟ್ ಕಾರ್ಡು ದುಬಾರಿ, ಹೆಚ್ಚಾಗಿ ಸರ್ಕಾರಿ ಕಚೇರಿಗಳ ಸ್ವತ್ತು. ಕೀಲಿಮಣೆಯ ತಕರಾರು ಬೇರೆ. ಟೈಪಿಂಗ್ ಕಲಿತವರ ಬೆರಳುಗಳಿಗೆ ಅನಂತ ಸುಬ್ಬರಾಯರ ಟೈಪ್‌ರೈಟರ್ ವಿನ್ಯಾಸ ಒಗ್ಗಿತ್ತು. ಕೇಂದ್ರ ಸರ್ಕಾರದ್ದು ಸ್ವರ ಎಡಗೈಗೆ, ವ್ಯಂಜನ ಬಲಗೈಗೆ ಎನ್ನುವ ಇನ್‌ಸ್ಕ್ರಿಪ್ಟ್. ಈ ಗೊಂದಲ ಬಿಡಿಸಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಸಿಂಧೂ ಲಿಪಿಯನ್ನು ಕಂಪ್ಯೂಟರಿಗೆ ಹಾಕುವ ಐರಾವತಂ ಮಹಾದೇವನ್ ಅವರ ಕೆಲಸಕ್ಕೂ ಕೈಜೋಡಿಸಿ, ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದವರು. ಇಂಗ್ಲಿಷ್ ಕೀಲಿಗಳ ಮೇಲೆಯೇ ಉಚ್ಚಾರಕ್ಕೆ ತಕ್ಕಂತೆ ಅವರು ಕನ್ನಡ ಕೂರಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತು ಬೇಕಾದಲ್ಲಿ ನಡುವೆ ‘ಎಫ್’. ವ್ಯಂಜನದಲ್ಲಿ ಅಕಾರ ತಾನೇ ಇರುವುದರಿಂದ ಅದಕ್ಕೆ ಬೇರೆ ಕೀಲಿ ಬೇಡ. ‘ರಾಮೇಶ್ವರ’ ಬರೆಯಲು ಆರ್, ಶಿಫ್ಟ್ ಎ, ಎಂ, ಶಿಫ್ಟ್ ಇ, ಶಿಫ್ಟ್ ಎಸ್, ಎಫ್, ವಿ, ಆರ್. ಎಂಟೇ ಅಕ್ಷರ! ಇಂಗ್ಲಿಷಿನಲ್ಲಿ ಹಿಡಿಸದ ದೇವರು ಕನ್ನಡದ ಲೆಕ್ಕದಲ್ಲಿ ಸರಿಯಾಗಿ ಕೂತ. ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ರಾವ್ ಮಾಡಿದ ತಂತ್ರಾಂಶವೂ ಉಚಿತ, ಈ ವಿನ್ಯಾಸವೂ ಉಚಿತ. ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೂ ಇದೇ ಬುನಾದಿ.

ವಿಂಡೋಸ್ 95 ಬಂದ ಮೇಲೆ ಡಾಸ್ ಹಿಂದೆ ಸರಿಯಿತು. 1998ರಲ್ಲಿ ಶೇಷಾದ್ರಿವಾಸು ‘ಬರಹ’ವನ್ನು ಉಚಿತವಾಗಿ ಹಂಚಿದರು, ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ‘ನುಡಿ’ ತಂದಿತು. ಯಾವುದು ಅಧಿಕೃತ, ಯಾರ ಅಕ್ಷರ ವಿನ್ಯಾಸ ಯಾರಿಗೆ ಸೇರಿದ್ದು ಎಂಬ ಜಗಳ ಬಹಳ ಕಾಲ ನಡೆಯಿತು. ಪೂರ್ಣಚಂದ್ರ ತೇಜಸ್ವಿ ಕೂಡ ಕನ್ನಡ ತಂತ್ರಾಂಶದ ವಿಚಾರಕ್ಕೆ ಇಳಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ತಂತ್ರಾಂಶ ಹೊರತಂದಿತು. ಜಗಳದ ಕಾವಿನಲ್ಲಿ ಮುಖ್ಯವಾದ ಸಂಗತಿ ಹಿಂದೆ ಬಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ನಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತಮಗೆ ತೋಚಿದಂತೆ ಜೋಡಿಸಿದ್ದವು. ಒಂದರ ಫೈಲು ಇನ್ನೊಂದರಲ್ಲಿ ತೆರೆದರೆ ಕಸ.

ಮೊಳಕಾಲ್ಮೂರು ಸೀಮೆಯ ಎಷ್ಟೋ ಹಳ್ಳಿಗರಿಗೆ ಕಂಪ್ಯೂಟರ್ ಮೊದಲು ಕಂಡಿದ್ದು ತಾಲ್ಲೂಕು ಕಚೇರಿಯ ‘ಭೂಮಿ’ ಕೇಂದ್ರದಲ್ಲಿ, 15 ರೂಪಾಯಿಯ ಪಹಣಿ ಪಡೆಯುವಾಗ. ಕೈಬರಹದ ಪಹಣಿ 2002ರಲ್ಲಿ ರಾಜ್ಯದ ಎಲ್ಲ 177 ತಾಲ್ಲೂಕುಗಳಲ್ಲಿ ನಿಂತುಹೋಯಿತು. ಅಲ್ಲಿಯವರೆಗೆ ದಫ್ತರದಲ್ಲಿ ಬರೆದುಕೊಂಡಿದ್ದ ಗ್ರಾಮ ಲೆಕ್ಕಿಗರು ಬೆರಳಚ್ಚು ಕೊಟ್ಟು ಯಂತ್ರ ತೆರೆಯುವುದನ್ನು ಕಲಿತರು. ಅವರ ಮೊದಲ ಪಾಠ ಡಾಸ್ ಅಲ್ಲ, ವಿಂಡೋಸ್ ಎನ್‌ಟಿ. ಪರದೆಯ ಮೇಲೆ ಕನ್ನಡ. ಹತ್ತು ವರ್ಷ ಮೊದಲು ಕಲಿತವರಿಗೆ ಆ ಭಾಗ್ಯವಿರಲಿಲ್ಲ.

ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಮೈಕ್ರೋಸಾಫ್ಟ್ ತನ್ನ ವ್ಯವಸ್ಥೆಯೊಳಗೆ ಕನ್ನಡ ಅಕ್ಷರ ಸೇರಿಸಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನ ಜೊತೆ. ಅಂತೂ ಹೊರಗಿನಿಂದ ಏನೂ ಸಿಕ್ಕಿಸದೆ ಆಪರೇಟಿಂಗ್ ಸಿಸ್ಟಂ ತಾನೇ ಕನ್ನಡ ಬಲ್ಲದ್ದಾಯಿತು.

ಸಿಟ್ಟು ಬರುವುದು ಇಲ್ಲಿ. ಡಾಸ್ ಇಂದು ಕಳೆದುಹೋಗಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ಅದರ 1.1 ಮತ್ತು 2.0 ಆವೃತ್ತಿಗಳ ಮೂಲ ಬರಹವನ್ನು ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಬಹಿರಂಗ ಮಾಡಿತು, 2024ರಲ್ಲಿ 4.0 ಆವೃತ್ತಿಯದನ್ನೂ ಬಿಟ್ಟುಕೊಟ್ಟಿತು. ಡಾಸ್‌ಬಾಕ್ಸ್ ಹಾಕಿಕೊಂಡರೆ ಈಗಿನ ಲ್ಯಾಪ್‌ಟಾಪಿನಲ್ಲೂ ಹಳೆಯ ‘ಡಿರ್’ ಓಡುತ್ತದೆ. ಅದರ ಮೇಲೆ ಕೂತಿದ್ದ ಕನ್ನಡಕ್ಕೆ ಈ ಅದೃಷ್ಟವಿಲ್ಲ. ಜಿಸ್ಟ್ ಕಾರ್ಡು ಯಂತ್ರದ ಭಾಗ, ಡಾಸ್ ಮರಳಿದರೂ ಅದು ಮರಳಿ ಬಾರದು. ಹಳೆಯ ಫಾಂಟಿನ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ವರ್ಷಗಳಲ್ಲಿ ಡಿಟಿಪಿ ಆದ ಸ್ಮರಣ ಸಂಚಿಕೆ, ಪಠ್ಯ, ಕಥೆಗಳ ಮೂಲಪ್ರತಿಗಳಲ್ಲಿ ಎಷ್ಟೋ ಹೀಗೆಯೇ ಕುರುಡಾಗಿವೆ.

ಕಲ್ಲಿಗೂ ಸವೆತ ತಪ್ಪಿದ್ದಲ್ಲ. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರು, ಕಂಬಕ್ಕೆಂದು ತೋಡಿದ ಗುಳಿಗಳು ಬಂಡೆಯ ಮೇಲಿವೆ, ಅಕ್ಷರ ಬಹಳ ಮಟ್ಟಿಗೆ ಮಾಸಿದೆ. ಆದರೂ ಅಲ್ಲಿ ಏನು ಬರೆದಿತ್ತೆಂದು ಗೊತ್ತಾಗುವುದು ಅದೇ ಪಾಠ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಇರುವುದರಿಂದ. ‘ಡಿಸ್ಕ್‌ಕಾಪಿ’ ಕಲಿಸುತ್ತಿದ್ದ ಮಾಸ್ತರು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದುದು ಇದನ್ನೇ: ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಹಳೆಯ ಫ್ಲಾಪಿ, ಸಿ.ಡಿ. ಇಟ್ಟುಕೊಂಡವರು ತಡಮಾಡಬಾರದು. ಮೂರೂವರೆ ಇಂಚಿನ ಫ್ಲಾಪಿ ಓದುವ ಯುಎಸ್‌ಬಿ ಡ್ರೈವು ಈಗಲೂ ಕೊಳ್ಳಲು ಸಿಗುತ್ತದೆ; ಐದೂಕಾಲು ಇಂಚಿನದಕ್ಕೆ ಹಳೆಯ ಯಂತ್ರವನ್ನೇ ಹುಡುಕಬೇಕು. ಬರಹ, ನುಡಿ ಎರಡರಲ್ಲೂ ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬೇರೆ ಫಾಂಟಿನದಾದರೆ ಆ ಫಾಂಟಿನ ಫೈಲನ್ನೂ ಅದರ ಹೆಸರನ್ನೂ ಜೊತೆಗೇ ಜೋಪಾನ ಮಾಡಿ. ಫಾಂಟ್ ಯಾವುದೆಂದು ತಿಳಿದರೆ ಬದಲಿಸಿಕೊಡುವವರು ಸಿಗುತ್ತಾರೆ.