ಪಳಗಿದ ಆನೆ ಮಾವುತನ ಮೇಲೇ ತಿರುಗುವುದೇಕೆ?

ಪ್ರಶ್ನೆ: ಶಿವಮೊಗ್ಗ ಬಳಿಯ ಸಕ್ರೆಬೈಲು ಆನೆ ಶಿಬಿರದಲ್ಲಿ ಮಾವುತರು ಆನೆಗಳಿಗೆ ಮೈತಿಕ್ಕಿ ಸ್ನಾನ ಮಾಡಿಸುವುದನ್ನು ನೋಡಿದೆ. ಅಷ್ಟು ಸಲುಗೆಯ ಪ್ರಾಣಿ ಒಮ್ಮೊಮ್ಮೆ ಮಾವುತನನ್ನೇ ಕೊಲ್ಲುವುದು ಯಾಕೆ?
– ಓದುಗರು, ಶಿರಾಳಕೊಪ್ಪ

ಉತ್ತರ: ಆನೆ ಪಳಗುತ್ತದೆ ನಿಜ, ಆದರೆ ದನ, ನಾಯಿಗಳ ಹಾಗೆ ನೂರಾರು ತಲೆಮಾರು ಮನುಷ್ಯನ ಕೈಯಲ್ಲೇ ಹುಟ್ಟಿ ಬೆಳೆದ ಜಾತಿಯಲ್ಲ. ಗಂಡಾನೆಗೆ ಮದ ಬಂದಾಗ ಕಣ್ಣು, ಕಿವಿಗಳ ನಡುವಿನ ಗ್ರಂಥಿಯಿಂದ ಎಣ್ಣೆಯಂಥ ದ್ರವ ಒಸರುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಲವು ಪಟ್ಟು ಏರಿ, ವರ್ಷಗಟ್ಟಲೆ ಪಾಲಿಸಿದ ಮಾತನ್ನೂ ಅದು ಕೇಳದು. ಅನುಭವಿ ಮಾವುತ ಆ ಒಸರು ಕಂಡರೆ ಆನೆಯನ್ನು ಕಟ್ಟಿಹಾಕಿ ದೂರವೇ ನಿಲ್ಲುತ್ತಾನೆ. ಎಷ್ಟೋ ಸಲ ಆನೆಗೆ ಸಿಟ್ಟೂ ಇರುವುದಿಲ್ಲ, ಟನ್ನುಗಟ್ಟಲೆ ಭಾರದ ಮೈ ಬೆದರಿ ಪಕ್ಕಕ್ಕೆ ತಿರುಗಿದರೆ ಸಾಕು, ಮಾವುತನ ಪ್ರಾಣ ಹೋಗಬಹುದು.

ಕಾಡಾನೆಯ ಬಳಿ ಹೋಗುವವರ ಪಾಡು ಇನ್ನೂ ಕಷ್ಟ. ಅರಿವಳಿಕೆ ಸೂಜಿ ನಾಟಿದರೂ ಮದ್ದು ಏರಲು ಕೆಲವು ನಿಮಿಷ ಬೇಕು. 2023ರ ಆಗಸ್ಟ್ 31ರಂದು ಹಾಸನದ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಯ ಚಿಕಿತ್ಸೆಗೆಂದು ಹೋದ ಅರಿವಳಿಕೆ ಸೂಜಿ ಹೊಡೆಯುವ ನುರಿತ ಗುರಿಗಾರ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಬಲಿಯಾದರು. ಅದೇ ವರ್ಷದ ಡಿಸೆಂಬರ್ 4ರಂದು ಅದೇ ಜಿಲ್ಲೆಯ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತದ್ದು ಮೈಸೂರು ದಸರಾ ಅಂಬಾರಿ ಹೊತ್ತಿದ್ದ ಪಳಗಿದ ಆನೆ ಅರ್ಜುನ.