ಒಳಪುಟದಲ್ಲಿ ಚಿತ್ರ ಏಕೆ ಕಾಣಲಿಲ್ಲ?

ಅಭ್ಯಾಸ ಬೋಧನೆಯ ಎರಡನೇ ವಾರ ಎಂಟನೇ ತರಗತಿಗಾಗಿ ಜಾಂಗೋ ಬಳಸಿ ಒಂದು ಚಿಕ್ಕ ಜಾಲತಾಣ ಮಾಡಿದ್ದೆ. ಜಮಖಂಡಿಯ ಕಬ್ಬು, ಮುಧೋಳದ ಬೇಟೆನಾಯಿ, ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರು, ರಬಕವಿ-ಬನಹಟ್ಟಿಯ ಮಗ್ಗ, ಹೀಗೆ ಊರಿಗೊಂದು ಪುಟ. ಮುಖಪುಟದಲ್ಲಿ ನಾಯಿಯ ಚಿತ್ರ ಚೆನ್ನಾಗಿ ಬಂತು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿ ತಂದದ್ದನ್ನು ಹೇಳಿ, ಉದ್ದ ಕಾಲು ಮತ್ತು ಆಳವಾದ ಎದೆಗೂಡು ಓಟಕ್ಕೆ ಹೇಗೆ ಒದಗುತ್ತವೆ ಎಂದು ತೋರಿಸಲು ಒಳಪುಟ ತೆರೆದೆ. ಚಿತ್ರದ ಜಾಗದಲ್ಲಿ ಬರೀ ಮುರಿದ ಚೌಕ!

‘ಸರ್, ನಾಯಿ ಓಡಿ ಹೋತೇನ್ರಿ?’ ಎಂದ ಒಬ್ಬ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕರಿಹಲಗೆಯ ಮೇಲೆ ನಾಯಿ ಬಿಡಿಸಿ ಹೇಗೋ ಅವಧಿ ಮುಗಿಸಿದೆ. ಅದು ಕುರಿಯಂತೆ ಕಂಡದ್ದು ಬೇರೆ ಮಾತು.

ಫೈಲು ಇದ್ದಲ್ಲೇ ಇತ್ತು. ತಪ್ಪಿದ್ದು ವಿಳಾಸ. ಟೆಂಪ್ಲೇಟಿನಲ್ಲಿ ನಾನು ‘ಸ್ಟ್ಯಾಟಿಕ್/ನಾಯಿ.ಜೆಪಿಜಿ’ ಎಂದಷ್ಟೇ ಬರೆದಿದ್ದೆ. ಇದು ‘ಇಲ್ಲಿಂದ ಎಡಕ್ಕೆ ಮೂರನೇ ಮನೆ’ ಎಂದಂತೆ. ಜಮಖಂಡಿ ಬಸ್ ನಿಲ್ದಾಣದಲ್ಲಿ ನಿಂತವನಿಗೆ ಸರಿ, ಬನಹಟ್ಟಿಯಲ್ಲಿ ನಿಂತವನಿಗೆ ಅದೇ ಮಾತು ಬೇರೆ ಮನೆ ತೋರಿಸುತ್ತದೆ. ಬ್ರೌಸರ್ ತಾನು ನಿಂತ ಪುಟದಿಂದಲೇ ದಾರಿ ಎಣಿಸುತ್ತದೆ. ಮುಖಪುಟದಿಂದ ಎಣಿಸಿದಾಗ ಫೈಲು ಸಿಕ್ಕಿತು. ‘/ಪಾಠ/ಮುಧೋಳ/’ ಎಂಬ ಒಳಪುಟದಿಂದ ಎಣಿಸಿದಾಗ ‘/ಪಾಠ/ಮುಧೋಳ/ಸ್ಟ್ಯಾಟಿಕ್/ನಾಯಿ.ಜೆಪಿಜಿ’ ಎಂಬ ಇಲ್ಲದ ಜಾಗಕ್ಕೆ ಹೋಯಿತು. ಸರ್ವರ್ 404 ಎಂದಿತು.

ಮೊದಲಿಗೆ ಒಂದು ಓರೆಗೆರೆ ಸೇರಿಸಿ ‘/ಸ್ಟ್ಯಾಟಿಕ್/’ ಎಂದು ತಿದ್ದಿದೆ. ಎಲ್ಲಾ ಪುಟಗಳಲ್ಲೂ ಚಿತ್ರ ಬಂತು. ಆದರೂ ಇದು ಸರಿಯಾದ ಪದ್ಧತಿಯಲ್ಲ. ನಾಳೆ ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಟಿಕ್ ಯುಆರ್‌ಎಲ್ ಬದಲಾದರೆ ಪ್ರತಿ ಟೆಂಪ್ಲೇಟನ್ನೂ ತಿದ್ದುತ್ತ ಕೂರಬೇಕು. ಅದಕ್ಕೇ ಟೆಂಪ್ಲೇಟಿನ ಮೇಲ್ಭಾಗದಲ್ಲಿ ಲೋಡ್ ಸ್ಟ್ಯಾಟಿಕ್ ಟ್ಯಾಗ್ ಹಾಕಿ, ಚಿತ್ರವಿರುವಲ್ಲಿ ಸ್ಟ್ಯಾಟಿಕ್ ಟ್ಯಾಗಿನೊಳಗೆ ಫೈಲಿನ ಹೆಸರು ಕೊಡಬೇಕು. ಪೂರ್ತಿ ವಿಳಾಸವನ್ನು ಜಾಂಗೋ ತಾನೇ ಕಟ್ಟಿಕೊಡುತ್ತದೆ.

ಇನ್ನೆರಡು ಮಾತು. ನನ್ನ ವಿಂಡೋಸ್ ಲ್ಯಾಪ್‌ಟಾಪ್ ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಎಣಿಸುವುದಿಲ್ಲ. ಲಿನಕ್ಸ್ ಸರ್ವರ್ ಎಣಿಸುತ್ತದೆ. ಹೆಸರುಗಳನ್ನೆಲ್ಲ ಚಿಕ್ಕಕ್ಷರದಲ್ಲೇ ಇಡುವುದು ಒಳ್ಳೆಯದು. ಎರಡನೆಯದು, ಡಿಬಗ್ ಚಾಲೂ ಇರುವವರೆಗೆ ರನ್‌ಸರ್ವರ್ ಚಿತ್ರಗಳನ್ನು ತಾನೇ ಕೊಡುತ್ತದೆ. ಡಿಬಗ್ ಆರಿಸಿದ ಮೇಲೆ ಕೊಡುವುದಿಲ್ಲ. ಆಗ ಕಲೆಕ್ಟ್‌ಸ್ಟ್ಯಾಟಿಕ್ ಆದೇಶದಿಂದ ಫೈಲುಗಳನ್ನೆಲ್ಲ ಒಂದೆಡೆ ಕೂಡಿಸಿ, ವೆಬ್ ಸರ್ವರಿಗೆ ಒಪ್ಪಿಸಬೇಕು.

ಮುಂದಿನ ಪಾಠ ಮಗ್ಗದ್ದು. ಹಿಂದಿನ ಸಂಜೆಯೇ ಶಾಲೆಯ ಕಂಪ್ಯೂಟರಿನಲ್ಲಿ ನಾಲ್ಕೂ ಒಳಪುಟ ತೆರೆದು ನೋಡಿದೆ. ಮರುದಿನ ಚಿತ್ರ ಸರಿಯಾಗಿ ಬಂತು. ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಕೈಮಗ್ಗ ಅಂತ ಬರದೀರಿ, ಇದು ಪವರ್‌ಲೂಮ್ ಐತ್ರಿ’ ಎಂದಳು.