ಕಟ್ಟಡ ಕೆಡಹುವಾಗ ಗಾಜಿನ ಗಾಯ: ತಡೆಯುವ ಬಗೆ

ಹಳೆಯ ಮಳಿಗೆಯನ್ನು ನವೀಕರಿಸುವಾಗ ಅಥವಾ ಉಗ್ರಾಣವನ್ನು ಕೆಡಹುವಾಗ ಮಾಲೀಕರ ಗಮನವೆಲ್ಲ ಗೋಡೆ, ತೊಲೆ, ಚಾವಣಿಗಳ ಮೇಲಿರುತ್ತದೆ. ಕಿಟಕಿ ಹಾಗೂ ಷೋಕೇಸುಗಳ ಗಾಜು ಲೆಕ್ಕಕ್ಕೆ ಬರುವುದಿಲ್ಲ. ಗೋಡೆಯೊಂದಿಗೆ ಗಾಜೂ ಒಡೆದು ಅವಶೇಷದಲ್ಲಿ ಬೆರೆತರೆ, ಅದನ್ನು ಬಾಂಡಲಿಗೆ ತುಂಬುವ, ಲಾರಿಗೆ ಏರಿಸುವ, ಕೊನೆಗೆ ವಿಂಗಡಿಸುವ ಪ್ರತಿಯೊಂದು ಕೈಗೂ ಅಪಾಯ ತಪ್ಪಿದ್ದಲ್ಲ.

ಸಾಮಾನ್ಯ ಗಾಜು ಚೂರಿಯಂತಹ ಉದ್ದನೆಯ ಚೂರುಗಳಾಗಿ ಒಡೆಯುತ್ತದೆ. ಕಾಯಿಸಿ ಥಟ್ಟನೆ ತಣಿಸಿದ ಟಫನ್ಡ್ ಗಾಜು ಸಣ್ಣ ಹರಳುಗಳಾಗುತ್ತದೆ. ಆಳವಾದ ಗಾಯ ವಿರಳವಾದರೂ ಕಣ್ಣಿಗೆ ಸಿಡಿಯುವ ಭಯವಿದೆ. ಲ್ಯಾಮಿನೇಟೆಡ್ ಗಾಜಿನ ಚೂರುಗಳು ನಡುವಣ ಪ್ಲಾಸ್ಟಿಕ್ ಪದರಕ್ಕೆ ಅಂಟಿಕೊಂಡಿರುತ್ತವೆ. ಹಳೆಯ ಕಟ್ಟಡಗಳ ಕಿಟಕಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲ ಬಗೆಯೇ. ಗಾಜಿನ ತೂಕವೂ ಕಡಿಮೆಯಲ್ಲ: 5 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಗಾಜು ಸುಮಾರು 12.5 ಕಿ.ಗ್ರಾಂ. ತೂಗುತ್ತದೆ.

ಅನುಸರಿಸಬೇಕಾದ ಕ್ರಮಗಳು:

1. ಗೋಡೆಗೆ ಕೈಹಚ್ಚುವ ಮೊದಲೇ ಗಾಜನ್ನು, ಸಾಧ್ಯವಾದರೆ ಚೌಕಟ್ಟಿನ ಸಮೇತ, ಬಿಚ್ಚಿ ಇಳಿಸಬೇಕು. ಆ ವೇಳೆಯಲ್ಲಿ ಕೆಳಗೆ ಯಾರೂ ಓಡಾಡದಂತೆ ತಡೆ ಕಟ್ಟಬೇಕು.

2. ಬಿರುಕು ಬಿಟ್ಟ ಗಾಜಿಗೆ ಮೊದಲು ಅಂಟುಪಟ್ಟಿ ಹಚ್ಚಬೇಕು.

3. ಚೂರುಗಳನ್ನು ಪೊರಕೆ, ಸಲಿಕೆಗಳಿಂದ ಒಟ್ಟುಮಾಡಿ, ಗೋಣಿಚೀಲದ ಬದಲು ಗಟ್ಟಿ ಡ್ರಮ್ಮಿಗೆ ತುಂಬಿ, ಅದರ ಮೇಲೆ ‘ಗಾಜು’ ಎಂದು ಬರೆಯಬೇಕು.

4. ಕೊಯ್ತ ತಡೆಯುವ ಕೈಗವಸು, ರಕ್ಷಣಾ ಕನ್ನಡಕ, ಗಟ್ಟಿ ಅಟ್ಟೆಯ ಬೂಟುಗಳನ್ನು ಒದಗಿಸಬೇಕು. ತೆಳು ಹತ್ತಿಯ ಕೈಗವಸು ಗಾಜಿನ ಅಂಚನ್ನು ತಡೆಯಲಾರದು.

ಗಾಜಿನ ಗಾಯ ಹೊರನೋಟಕ್ಕೆ ಚಿಕ್ಕದಾಗಿದ್ದರೂ ಒಳಗೆ ನರ ಅಥವಾ ಸ್ನಾಯುರಜ್ಜು ತುಂಡಾಗಿರಬಹುದು. ಬೆರಳು ಮಡಚಲಾಗದಿದ್ದರೆ, ಸ್ಪರ್ಶ ತಿಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಕೆಲಸಕ್ಕೆ ಮರಳಿದ ಕಾರ್ಮಿಕ ಕೈಯ ಹಿಡಿತವನ್ನೇ ಕಳೆದುಕೊಳ್ಳಬಹುದು. ಆಳವಾಗಿ ನಾಟಿದ ಚೂರನ್ನು ಸ್ಥಳದಲ್ಲಿ ಕೀಳದೆ, ಅದರ ಸುತ್ತ ಒತ್ತಿ ಹಿಡಿದು ರಕ್ತಸ್ರಾವ ತಡೆಯಬೇಕು. ಕಣ್ಣಿಗೆ ಚೂರು ಬಿದ್ದರೆ ಉಜ್ಜಲೇಬಾರದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರ ಪ್ರಕಾರ ಕೆಲಸದ ಸ್ಥಳವನ್ನು ಗಾಯಕ್ಕೆ ಕಾರಣವಾಗುವ ಅಪಾಯಗಳಿಂದ ಮುಕ್ತವಾಗಿಡುವುದು ಉದ್ಯೋಗದಾತರ ಕರ್ತವ್ಯ.

ಕೆಡಹುವ ಕೆಲಸವನ್ನು ಒಟ್ಟು ಮೊತ್ತಕ್ಕೆ ಗುತ್ತಿಗೆ ಕೊಟ್ಟಾಗ ಗಾಜು ಬಿಚ್ಚಲು ತಗಲುವ ಸಮಯ ಗುತ್ತಿಗೆದಾರನಿಗೆ ನಷ್ಟವೆನಿಸುತ್ತದೆ. ಗೋಡೆಯೊಂದಿಗೇ ಅದನ್ನು ಉರುಳಿಸುವ ಆತುರ ಹುಟ್ಟುವುದು ಇಲ್ಲಿಯೇ. ಆದುದರಿಂದ ಗಾಜು ತೆಗೆಯುವುದಕ್ಕೂ ಸಾಗಿಸುವುದಕ್ಕೂ ಪ್ರತ್ಯೇಕ ದರ ಹಾಗೂ ದಿನಗಳನ್ನು ಕರಾರಿನಲ್ಲಿಯೇ ನಮೂದಿಸುವುದು ಮಾಲೀಕರು ಕೈಗೊಳ್ಳಬೇಕಾದ ಮೊದಲ ಮುನ್ನೆಚ್ಚರಿಕೆ.